ಮೊದಲು ಕಾಲಿನ ಗಾಯ, ಆಮೇಲೆ ತಲೆಯ ಮಾತ್ರೆ: ಬೀದಿಯಲ್ಲಿರುವ ಮಾನಸಿಕ ರೋಗಿಗಳಿಗೆ ಚಿಕಿತ್ಸೆ ಕೊಡಿಸುವ ಸಮಗ್ರ ಮಾರ್ಗದರ್ಶಿ

ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಕಥೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ವರ್ಷಗಟ್ಟಲೆ ಇದ್ದರು, ತಲೆಗೂದಲು ಜಡೆಗಟ್ಟಿತ್ತು, ಮೈಮೇಲೆ ನಾಲ್ಕು ಅಂಗಿ. ಒಂದು ಭಾನುವಾರ ಊರಿನ ಹುಡುಗರೆಲ್ಲ ಸೇರಿ ಹಿಡಿದು ಕೂರಿಸಿ ತಲೆ ಬೋಳಿಸಿದರು, ಸ್ನಾನ ಮಾಡಿಸಿದರು, ಹೊಸ ಬಟ್ಟೆ ಹಾಕಿಸಿ ವಿಡಿಯೋ ಮಾಡಿದರು, ಆಟೋ ಹತ್ತಿಸಿ ಆಸ್ಪತ್ರೆಗೆ ಬಿಟ್ಟು ಬಂದರು. ಮೂರನೇ ದಿನ ಅವರು ವಾರ್ಡಿನಲ್ಲಿಲ್ಲ. ವಾರ ಕಳೆದು ಸಿಕ್ಕಾಗ ಹುಡುಗರನ್ನು ಕಂಡರೆ ಕಲ್ಲು ಎತ್ತುತ್ತಾರೆ, ಕಾಲಿನ ಹುಣ್ಣು ಮೊದಲಿಗಿಂತ ದೊಡ್ಡದಾಗಿದೆ.

ಹುಡುಗರ ಮನಸ್ಸು ಒಳ್ಳೆಯದೇ. ಕ್ರಮ ತಲೆಕೆಳಗಾಗಿತ್ತು, ಅಷ್ಟೇ. ಕೊನೆಗೆ ಆಗಬೇಕಾದ್ದನ್ನು ಮೊದಲು ಮಾಡಿದರು, ಮೊದಲು ನೋಡಬೇಕಾದ ಕಾಲನ್ನು ಯಾರೂ ನೋಡಲಿಲ್ಲ. ನಾನು ಡಾಕ್ಟರ್ ಅಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವನು. ಹಾಗಾಗಿ ಔಷಧದ ಪ್ರಮಾಣ ಇಲ್ಲಿ ಸಿಗುವುದಿಲ್ಲ. ಯಾವುದರ ನಂತರ ಯಾವುದು, ಎಲ್ಲಿ ಎಡವುತ್ತೇವೆ, ಯಾವಾಗ ಓಡಬೇಕು ಅನ್ನುವುದಷ್ಟೇ ಇದೆ.

## ಶುರು ಮಾಡುವ ಮುನ್ನ: ಚೀಲ ಮತ್ತು ಜನ

ಇಬ್ಬರು ಸಾಕು. ಐದು ಜನ ಹೋದರೆ ಹಿಡಿಯಲು ಬಂದ ಹಾಗೆ ಕಾಣುತ್ತದೆ. ಬೀದಿಯಲ್ಲಿರುವವರು ಹೆಂಗಸಾದರೆ ನಿಮ್ಮಿಬ್ಬರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು, ಇದರಲ್ಲಿ ರಾಜಿ ಇಲ್ಲ. ಆ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಮೊದಲೇ ಮಾತಾಡಿಸಿಕೊಳ್ಳಿ. ಆಸ್ಪತ್ರೆಯ ಒಳಗೆ ಯಾರನ್ನು ಕೇಳಬೇಕು ಅನ್ನುವುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಚೀಲದಲ್ಲಿ ಇರಬೇಕಾದವು: ಕೈಗವಸು, ಸಲೈನ್ ಬಾಟಲಿ, ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿ, ಪೊವಿಡೋನ್ ಅಯೋಡಿನ್, ಮೊಂಡು ತುದಿಯ ಕತ್ತರಿ, ಕಂಕುಳಲ್ಲಿಡುವ ಥರ್ಮಾಮೀಟರ್, ಬಿಪಿ ಮೆಷಿನ್, ಶುಗರ್ ನೋಡುವ ಮೆಷಿನ್, ಓಆರ್‌ಎಸ್ ಪೊಟ್ಟಣ, ಸೋಪು, ಒಂದು ಜೊತೆ ಸಡಿಲ ಚಪ್ಪಲಿ. ಚಪ್ಪಲಿ ಮರೆಯಬೇಡಿ. ಗಾಯಕ್ಕೆ ಎಷ್ಟೇ ಚೆನ್ನಾಗಿ ಪಟ್ಟಿ ಕಟ್ಟಿದರೂ ಬರಿಗಾಲಲ್ಲಿ ನಡೆದರೆ ಸಂಜೆಗೆ ಅದು ಮಣ್ಣಿನ ಉಂಡೆ.

ಜೊತೆಗೆ ಒಂದು ನೋಟ್‌ಬುಕ್. ಪ್ರತಿಯೊಬ್ಬರಿಗೂ ಒಂದು ಪುಟ: ಅವರು ಹೇಳಿದ ಹೆಸರು, ಅಂದಾಜು ವಯಸ್ಸು, ಎಲ್ಲಿ ಮಲಗುತ್ತಾರೆ, ಯಾರ ಹತ್ತಿರ ಊಟ ತೆಗೆದುಕೊಳ್ಳುತ್ತಾರೆ, ಯಾವ ಭಾಷೆಯಲ್ಲಿ ಬೈಯುತ್ತಾರೆ. ಕೊನೆಯದು ತಮಾಷೆಗೆ ಬರೆದದ್ದಲ್ಲ, ಮುಂದೆ ಮನೆ ಹುಡುಕುವಾಗ ಕೆಲಸಕ್ಕೆ ಬರುತ್ತದೆ.

## ಹಂತ 1: ದೂರದಿಂದ ನೋಡಿ, ತುರ್ತು ಇದೆಯಾ ತೀರ್ಮಾನಿಸಿ

ಹತ್ತಿರ ಹೋಗುವ ಮುಂಚೆ ಹತ್ತು ನಿಮಿಷ ಸುಮ್ನೆ ನೋಡಿ. ನಡೆಯುತ್ತಾರಾ, ಕುಂಟುತ್ತಾರಾ? ಉಸಿರು ಮೇಲುಸಿರಾ? ನೊಣ ಎಲ್ಲಿ ಮುತ್ತುತ್ತಿದೆ? ನೊಣ ಮುತ್ತಿದ ಜಾಗದಲ್ಲಿ ಗಾಯ ಇರುತ್ತದೆ, ಬಟ್ಟೆ ಮುಚ್ಚಿದ್ದರೂ ಸರಿ.

ಆಮೇಲೆ ಪಕ್ಕದ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: "ಇವರು ಯಾವಾಗಿನಿಂದ ಹೀಗಿದ್ದಾರೆ?" ಎರಡು ವರ್ಷದಿಂದ ಹೀಗೇ ಒಬ್ಬರೇ ಮಾತಾಡಿಕೊಳ್ಳುತ್ತಾರೆ ಅಂದರೆ ನಿಮಗೆ ಸಮಯ ಇದೆ. ಮೊನ್ನೆವರೆಗೆ ಚೆನ್ನಾಗಿ ಟೀ ಕುಡಿಯುತ್ತಿದ್ದರು, ನಿನ್ನೆಯಿಂದ ಏನೇನೋ ಬಡಬಡಿಸುತ್ತಿದ್ದಾರೆ, ಒಮ್ಮೆ ಎಚ್ಚರ ಒಮ್ಮೆ ಮಂಪರು ಅಂದರೆ ಸಮಯ ಇಲ್ಲ. ಅದು ಹಳೆಯ ಮಾನಸಿಕ ಕಾಯಿಲೆ ಜಾಸ್ತಿಯಾದದ್ದಲ್ಲದೆ ಬೇರೇನೋ ಇರಬಹುದು. ಮೈಯಲ್ಲಿ ಸೋಂಕು ಏರಿದರೂ, ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಕಟ್ಟಿದರೂ, ಶುಗರ್ ಇಳಿದರೂ, ದಿನಾ ಕುಡಿಯುವವರಿಗೆ ಎರಡು ದಿನ ಕುಡಿಯಲು ಸಿಗದಿದ್ದರೂ ಮನುಷ್ಯ ಹೀಗೇ ಆಗುತ್ತಾನೆ.

108ಕ್ಕೆ ಕರೆ ಮಾಡಬೇಕಾದ ಸೂಚನೆಗಳು ಇವು. ಎಬ್ಬಿಸಿದರೂ ಏಳದಿರುವುದು. ಫಿಟ್ಸ್. ಜೋರು ಜ್ವರದ ಜೊತೆ ಗೊಂದಲ. ಕಾಲು ಕಪ್ಪಾಗಿ ಕೆಟ್ಟ ವಾಸನೆ. ಕೆಮ್ಮಿದರೆ ರಕ್ತ. ನಿಲ್ಲದ ರಕ್ತಸ್ರಾವ. ಬಸುರಿಗೆ ಹೊಟ್ಟೆನೋವು ಅಥವಾ ರಕ್ತ. ತನಗೋ ಇನ್ನೊಬ್ಬರಿಗೋ ಗಾಯ ಮಾಡಿಕೊಳ್ಳುವ ಹಂತದಲ್ಲಿದ್ದರೆ 112. ಇವುಗಳಲ್ಲಿ ಒಂದಿದ್ದರೂ ಮುಂದಿನ ಹಂತ ಓದುತ್ತ ಕೂರಬೇಡಿ.

## ಹಂತ 2: ಪರಿಚಯಕ್ಕೆ ಒಂದು ವಾರ ಕೊಡಿ

ದಿನಾ ಒಂದೇ ಹೊತ್ತಿಗೆ ಹೋಗಿ. ಅದೇ ಇಬ್ಬರು ಹೋಗಿ. ಎರಡು ಮಾರು ದೂರದಲ್ಲಿ, ಅವರ ಪಕ್ಕಕ್ಕೆ, ಕೂತುಕೊಂಡು ಮಾತಾಡಿ. ಎದುರಿಗೆ ನಿಂತು ಮೇಲಿನಿಂದ ನೋಡಿದರೆ ಪೊಲೀಸಿನವರ ನೆನಪಾಗುತ್ತದೆ. "ಯಜಮಾನ್ರೇ, ಟೀ ಕುಡೀತೀರಾ?" ಅನ್ನಿ. ವಯಸ್ಸಾದವರಾದರೆ ಅಜ್ಜಾ, ಅಮ್ಮಾ. ಉತ್ತರ ಕರ್ನಾಟಕದ ಕಡೆ ಕಾಕಾ, ಅಕ್ಕಾರ. ಏನೇ ಆಗಲಿ ಏಕವಚನ ಬೇಡ. ವರ್ಷಗಳಿಂದ ಅವರು "ಏಯ್" ಬಿಟ್ಟು ಬೇರೆ ಕೇಳಿಲ್ಲ. ಬಹುವಚನ ಕಿವಿಗೆ ಬಿದ್ದಾಗ ತಲೆ ಎತ್ತಿ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಊಟದ ವಿಷಯದಲ್ಲಿ ಒಂದು ಎಚ್ಚರ. ವಾರಗಟ್ಟಲೆ ಸರಿಯಾಗಿ ತಿನ್ನದೆ ಮೂಳೆ-ಚಕ್ಕಳ ಆದವರಿಗೆ ಒಂದೇ ಸಲ ತಟ್ಟೆ ತುಂಬ ಬಿರಿಯಾನಿ ಕೊಡಬೇಡಿ. ಹಸಿದು ಹಸಿದು ಒಗ್ಗಿಹೋದ ದೇಹಕ್ಕೆ ಏಕಾಏಕಿ ಜಾಸ್ತಿ ಅನ್ನ-ಸಕ್ಕರೆ ಬಿದ್ದರೆ ರಕ್ತದಲ್ಲಿನ ಲವಣಾಂಶ ಏರುಪೇರಾಗಿ ಹೃದಯಕ್ಕೇ ಕುತ್ತು ಬರಬಹುದು. ಬಾಳೆಹಣ್ಣು, ಗಂಜಿ, ಮೊಸರನ್ನ, ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕೈದು ಸಲ. ಅಂಥವರನ್ನು ಆದಷ್ಟು ಬೇಗ ಡಾಕ್ಟರಿಗೆ ತೋರಿಸಿ.

ಈ ಹಂತದ ದೊಡ್ಡ ತಪ್ಪು ಸುಳ್ಳು. "ಊರಿಗೆ ಹೋಗೋಣ ಬನ್ನಿ" ಅಂತ ಆಟೋ ಹತ್ತಿಸಿ ಆಸ್ಪತ್ರೆ ಮುಂದೆ ಇಳಿಸುವುದು. ಒಂದು ಸಲ ಕೆಲಸ ಆಗುತ್ತದೆ, ಎರಡನೇ ಸಲಕ್ಕೆ ಅವರು ನಿಮ್ಮ ಕೈಗೆ ಸಿಗುವುದಿಲ್ಲ. ಫೋಟೋ, ವಿಡಿಯೋ ಕೂಡ ಬೇಡ. ಇನ್ನು ಅವರ ಗಂಟು-ಮೂಟೆಗೆ ಕೈ ಹಾಕಬೇಡಿ. ನಿಮಗೆ ಕಸ, ಅವರಿಗೆ ಅದೇ ಮನೆ.

## ಹಂತ 3: ಕಾಲು, ಗಾಯ, ಚರ್ಮ

ಚಿಕಿತ್ಸೆಯ ಬಾಗಿಲು ತೆರೆಯುವುದು ಇಲ್ಲಿ. "ನಿಮಗೆ ಮಾನಸಿಕ ಕಾಯಿಲೆ ಇದೆ" ಅಂದರೆ ಯಾರೂ ಒಪ್ಪುವುದಿಲ್ಲ. "ಕಾಲು ನೋಯ್ತಿದೆ ಅಲ್ವಾ?" ಅಂದರೆ ಹೌದು ಅನ್ನುತ್ತಾರೆ, ಯಾಕೆಂದರೆ ನಿಜವಾಗಿಯೂ ನೋಯುತ್ತಿರುತ್ತದೆ.

ಮುಟ್ಟುವ ಮುಂಚೆ ಕೇಳಿ. ಏನು ಮಾಡುತ್ತೀರಿ ಅಂತ ಒಂದೊಂದೇ ಹೇಳುತ್ತ ಮಾಡಿ. ಸಲೈನಿನಲ್ಲಿ ತೊಳೆಯಿರಿ, ಅಂಟಿಕೊಂಡ ಬಟ್ಟೆಯನ್ನು ಕಿತ್ತು ಎಳೆಯದೆ ನೆನೆಸಿ ಬಿಡಿಸಿ, ಗಾಜ್ ಇಟ್ಟು ಕಟ್ಟಿ. ಬಿಗಿಯಾಗಿ ಕಟ್ಟಬೇಡಿ. ಅವರು ಅದನ್ನು ಎಂದು ಬಿಚ್ಚುತ್ತಾರೋ ಗೊತ್ತಿಲ್ಲ, ಬಿಗಿಯಾದರೆ ರಕ್ತ ಓಡಾಟ ನಿಂತು ಕಾಲಿಗೇ ಅಪಾಯ.

ಹುಳ ಬಿದ್ದ ಗಾಯ ಕಂಡರೆ ಗಾಬರಿ ಬೇಡ, ಸಾಹಸವೂ ಬೇಡ. ಜನ ಫಿನಾಯಿಲ್, ಸೀಮೆಎಣ್ಣೆ, ಸುಣ್ಣ ಸುರಿಯುತ್ತಾರೆ. ಹುಳದ ಜೊತೆ ಮಾಂಸವೂ ಸುಡುತ್ತದೆ. ಸಡಿಲವಾಗಿ ಮುಚ್ಚಿ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಟರ್ಪೆಂಟೈನ್ ಎಣ್ಣೆಯಿಂದ ಹುಳ ಮೇಲೆ ಬರುವಂತೆ ಮಾಡಿ ಒಂದೊಂದೇ ಚಿಮಟದಲ್ಲಿ ತೆಗೆಯುತ್ತಾರೆ. ಎರಡು ಮೂರು ದಿನ ಬೇಕಾಗಬಹುದು. ಒಂದೇ ದಿನಕ್ಕೆ ಮುಗಿಯಿತು ಅಂದುಕೊಂಡು ವಾಪಸ್ ಕರೆತಂದವರು ನಾಲ್ಕನೇ ದಿನ ಮತ್ತೆ ಫೋನ್ ಮಾಡುತ್ತಾರೆ. ಯಾವುದೇ ಕೊಳಕು ಗಾಯಕ್ಕೆ ಧನುರ್ವಾಯು ತಡೆಯುವ ಇಂಜೆಕ್ಷನ್ (ಹಿಂದೆ ಟಿಟಿ, ಈಗ ಟಿಡಿ) ಕೇಳುವುದನ್ನು ಮರೆಯಬೇಡಿ.

ನಾಯಿ ಕಚ್ಚಿದ ಗುರುತು ಹುಡುಕಿ, ಮೀನಖಂಡದ ಹತ್ತಿರ. ರಾತ್ರಿ ಬೀದಿಯಲ್ಲಿ ಮಲಗುವವರಿಗೆ ಇದು ಅಪರೂಪವೇನಲ್ಲ. ಹೊಸ ಗಾಯವಾದರೆ ಹರಿಯುವ ನೀರು, ಸೋಪು, 15 ನಿಮಿಷ. ಆಮೇಲೆ ರೇಬೀಸ್ ಲಸಿಕೆ. ಚರ್ಮದೊಳಗೆ ಕೊಡುವ ಕ್ರಮವಾದರೆ 0, 3, 7 ಮತ್ತು 28ನೇ ದಿನ (0 ಅಂದರೆ ಮೊದಲ ಡೋಸು ಕೊಟ್ಟ ದಿನ). ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆ ರೇಬೀಸ್ ಇಮ್ಯುನೊಗ್ಲೋಬುಲಿನ್ ಅನ್ನುವ ಇನ್ನೊಂದು ಇಂಜೆಕ್ಷನ್ ಕೂಡ ಬೇಕು, ನೀವೇ ಬಾಯಿ ಬಿಟ್ಟು ಕೇಳಿ. ದಿನಾಂಕಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಸುತ್ತು ಹಾಕಿ. ಅವರು ಆ ದಿನ ನೆನಪಿಟ್ಟುಕೊಳ್ಳುವುದಿಲ್ಲ, ನೀವೇ ನೆನಪು.

ಕಜ್ಜಿಗೆ ಪರ್ಮೆಥ್ರಿನ್ ಮುಲಾಮು ಕೊಡುತ್ತಾರೆ. ಕುತ್ತಿಗೆಯಿಂದ ಕಾಲ್ಬೆರಳ ಸಂದಿವರೆಗೆ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯಬೇಕು, ಒಂದು ವಾರದ ನಂತರ ಮತ್ತೊಮ್ಮೆ. ಬೀದಿಯಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ. ಹಾಗಾಗಿ ಸ್ನಾನಕ್ಕೆ ಜಾಗ ಇಲ್ಲದವರಿಗೆ ನುಂಗುವ ಐವರ್‌ಮೆಕ್ಟಿನ್ ಮಾತ್ರೆ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ. ಬಸುರಿಯರಿಗೆ ಅದು ಆಗುವುದಿಲ್ಲ. ಹಳೆಯ ಬಟ್ಟೆ, ಕಂಬಳಿ ಅಲ್ಲೇ ಇದ್ದರೆ ಮುಲಾಮು ದಂಡ. ಎಸೆಯಬೇಡಿ, ಅವರನ್ನೇ ಕೇಳಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟು, ತೊಳೆದು, ಬಿಸಿಲಿಗೆ ಹಾಕಿ ವಾಪಸ್ ಕೊಡಿ. ಕ್ಷೌರ, ಸ್ನಾನ ಬರುವುದು ಈ ಹೊತ್ತಿಗೆ, ಅದೂ ಅವರು ಒಪ್ಪಿದರೆ.

## ಹಂತ 4: ಆಸ್ಪತ್ರೆ ಬಾಗಿಲು ದಾಟಿಸುವುದು

ನಗರದಲ್ಲಾದರೆ ಸರ್ಕಾರದ "ನಮ್ಮ ಕ್ಲಿನಿಕ್" ಅಥವಾ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ. ಹಳ್ಳಿ-ಪಟ್ಟಣದಲ್ಲಾದರೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ನೇರ ಜಿಲ್ಲಾಸ್ಪತ್ರೆಗೆ ಓಡಬೇಡಿ. ಅಲ್ಲಿಯ ಸಾಲು, ಗದ್ದಲ, ನಾಲ್ಕು ಕೌಂಟರು ನಮಗೇ ತಲೆ ಕೆಡಿಸುತ್ತವೆ.

ಹಿಂದಿನ ದಿನ ಒಬ್ಬರೇ ಹೋಗಿ ನರ್ಸ್ ಅಕ್ಕನನ್ನು ಕಂಡು ಹೇಳಿ ಬನ್ನಿ: ನಾಳೆ ಇಂಥವರನ್ನು ಕರೆತರುತ್ತೇನೆ, ಹೊಡೆಯುವವರಲ್ಲ, ಕಾಲಲ್ಲಿ ಗಾಯ ಇದೆ, ಯಾವ ಹೊತ್ತಿಗೆ ಬಂದರೆ ಅನುಕೂಲ? ಬೆಳಿಗ್ಗೆ ಹತ್ತರ ನೂಕುನುಗ್ಗಲಿಗೆ ಹೋಗಬೇಡಿ. ಲ್ಯಾಬಿನವರು ಊಟಕ್ಕೆ ಏಳುವ ಮುಂಚೆ, ಜನ ಕರಗಿದ ಮೇಲೆ, ಹನ್ನೊಂದೂವರೆ-ಹನ್ನೆರಡು ನನ್ನ ಲೆಕ್ಕದಲ್ಲಿ ಒಳ್ಳೆಯ ಹೊತ್ತು.

ಆಧಾರ್ ಇಲ್ಲ ಅನ್ನುವ ತಕರಾರು ಬಂದೇ ಬರುತ್ತದೆ. ಜಗಳಕ್ಕೆ ಇಳಿಯಬೇಡಿ, ಆದರೆ ಬಿಡಲೂ ಬೇಡಿ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ ಸೆಕ್ಷನ್ 18ರಲ್ಲಿ ಸ್ಪಷ್ಟವಾಗಿದೆ: ಮನೆಯಿಲ್ಲದವರಿಗೆ, ನಿರ್ಗತಿಕರಿಗೆ, ಬಿಪಿಎಲ್ ಕಾರ್ಡು ಇರಲಿ ಬಿಡಲಿ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಒಪಿಡಿ ಚೀಟಿಯಲ್ಲಿ ಅವರು ಹೇಳಿದ ಹೆಸರನ್ನೇ ಬರೆಸಿ. ಇವತ್ತು ರಾಜು, ಮುಂದಿನ ವಾರ ಮಂಜು ಅಂದರೂ ಚೀಟಿಯಲ್ಲಿ ಮೊದಲನೆಯದೇ ಇರಲಿ. ಹೆಸರು ಬದಲಾದರೆ ಹಳೆಯ ರಿಪೋರ್ಟ್ ಯಾವತ್ತೂ ಸಿಗುವುದಿಲ್ಲ. ಪ್ರತಿ ಚೀಟಿಯ ಫೋಟೋ ನಿಮ್ಮ ಫೋನಿನಲ್ಲಿ ಇರಲಿ, ಅದನ್ನು ಗ್ರೂಪುಗಳಿಗೆ ಹಾಕಬೇಡಿ.

ಡಾಕ್ಟರ ಮುಂದೆ ಏನು ಹೇಳುತ್ತೀರಿ ಅನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. "ಸಾರ್, ಮಾನಸಿಕ ಪೇಷೆಂಟು" ಅಂತ ಶುರು ಮಾಡಿದರೆ ಸ್ಟೆತಸ್ಕೋಪು ಕುತ್ತಿಗೆಯಿಂದ ಇಳಿಯುವುದೇ ಇಲ್ಲ, "ಸೈಕಿಯಾಟ್ರಿಗೆ ತೋರಿಸಿ" ಅಂತ ಚೀಟಿ ಬರುತ್ತದೆ. ಒಂದು ಸಲ ಹೊಟ್ಟೆ ಹಿಡಿದುಕೊಂಡು ಅರಚುತ್ತಿದ್ದವರನ್ನು ಹೀಗೇ ವಾಪಸ್ ಕಳಿಸಿದ್ದರು, ಎರಡು ದಿನದ ಮೇಲೆ ಬೇರೆ ಕಡೆ ನೋಡಿದಾಗ ಮೂತ್ರ ಕಟ್ಟಿಕೊಂಡಿತ್ತು. ಅವತ್ತಿನಿಂದ ನಾನು ಕಾಯಿಲೆಯ ಹೆಸರು ಹೇಳುವುದನ್ನು ಬಿಟ್ಟೆ, ಬದಲಾವಣೆ ಹೇಳುತ್ತೇನೆ. "ಮೂರು ವಾರದಿಂದ ಕೆಮ್ಮು. ಮೊನ್ನೆವರೆಗೆ ಸಂತೆವರೆಗೆ ನಡೆಯುತ್ತಿದ್ದರು, ಈಗ ಹತ್ತು ಹೆಜ್ಜೆಗೆ ಕೂರುತ್ತಾರೆ." ಮಾನಸಿಕ ಕಾಯಿಲೆಯ ಮಾತು ಕೊನೆಗೆ.

## ಹಂತ 5: ಯಾವ ಪರೀಕ್ಷೆ, ಯಾವ ಕ್ರಮ

ಸೂಜಿ ಚುಚ್ಚಿಸಿಕೊಳ್ಳಲು ಅವರು ಒಂದೇ ಸಲ ಒಪ್ಪಬಹುದು. ಆ ಒಂದು ಸಲದಲ್ಲೇ ಎಲ್ಲ ರಕ್ತ ಪರೀಕ್ಷೆ ಮುಗಿಯುವ ಹಾಗೆ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಹಿಮೋಗ್ಲೋಬಿನ್, ಶುಗರ್, ಕಿಡ್ನಿ ಮತ್ತು ಲಿವರ್, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಆಗುವುದಾದರೆ ಥೈರಾಯ್ಡ್. ಎಚ್‌ಐವಿಗೆ ಒಪ್ಪಿಗೆ ಬೇಕು, ಮುಚ್ಚಿಟ್ಟು ಮಾಡಿಸುವುದು ಬೇಡ. ಸೂಜಿ ಸುತರಾಂ ಬೇಡ ಅಂದರೆ ಬೆರಳ ತುದಿಯ ಶುಗರ್ ಮತ್ತು ಬಿಪಿ ಆದರೂ ನೋಡಿಸಿ ವಾಪಸ್ ಬನ್ನಿ. ಮುಂದಿನ ವಾರ ಇನ್ನೊಂದು ಪ್ರಯತ್ನ.

ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಮನಸ್ಸಿನ ಮಾತ್ರೆ ಶುರುವಾಗುವ ಮುಂಚೆ ಮೂತ್ರದ ಗರ್ಭ ಪರೀಕ್ಷೆ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ. ಬೀದಿಯಲ್ಲಿರುವ ಹೆಂಗಸಿಗೆ ಏನೇನಾಗಿರಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಅತ್ಯಾಚಾರದ ಅನುಮಾನ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆಂದೇ ಇರುವ ಸಖಿ ಕೇಂದ್ರದವರ ನೆರವು ತೆಗೆದುಕೊಳ್ಳಿ. ಅಂಥ ಹೊತ್ತಿನಲ್ಲಿ ಸ್ನಾನ ಮಾಡಿಸಿ ಬಟ್ಟೆ ಬದಲಿಸಿ ಕರೆದುಕೊಂಡು ಹೋಗಬೇಡಿ, ಸಾಕ್ಷಿ ತೊಳೆದುಹೋಗುತ್ತದೆ.

ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿದಿರುವುದು, ಇಷ್ಟರಲ್ಲಿ ಒಂದಿದ್ದರೂ ಕಫ ಪರೀಕ್ಷೆ. ಡಬ್ಬಿ ಕೊಟ್ಟರೆ ಉಗುಳು ತುಂಬಿಸಿ ಕೊಡುತ್ತಾರೆ, ಅದು ಲೆಕ್ಕಕ್ಕಿಲ್ಲ. ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಅಂದರೆ ಬೆಳಿಗ್ಗೆ ಆರಕ್ಕೆ ನೀವು ಅಲ್ಲಿರಬೇಕು. ಟಿಬಿ ಇದೆ ಅಂತ ಬಂದರೆ ಔಷಧ ಉಚಿತ, ಪೌಷ್ಟಿಕ ಆಹಾರಕ್ಕೆ ಸರ್ಕಾರದ ನಿಕ್ಷಯ ಪೋಷಣೆ ಯೋಜನೆಯ ತಿಂಗಳಿಗೆ 1000 ರೂಪಾಯಿಯೂ ಇದೆ. ಆದರೆ ಹಣ ಬೀಳುವುದು ಬ್ಯಾಂಕ್ ಖಾತೆಗೆ. ಖಾತೆ ಇಲ್ಲದವರ ವಿಷಯವನ್ನು ಟಿಬಿ ಮೇಲ್ವಿಚಾರಕರ ಹತ್ತಿರ ಮೊದಲ ದಿನವೇ ಎತ್ತಿ. ಇನ್ನೊಂದು ಮಾತು: ಟಿಬಿಯ ರಿಫಾಂಪಿಸಿನ್ ಕೆಲವು ಮನಸ್ಸಿನ ಔಷಧಗಳ ಶಕ್ತಿಯನ್ನು ತಗ್ಗಿಸುತ್ತದೆ. ಎರಡೂ ಕಡೆಯ ಡಾಕ್ಟರಿಗೆ ಎರಡೂ ಚೀಟಿ ತೋರಿಸಿ.

ಶುಗರ್ ಇದೆ ಅಂತ ಗೊತ್ತಾದರೆ "ಇವರಿಗೆ ಊಟದ ಗ್ಯಾರಂಟಿ ಇಲ್ಲ" ಅಂತ ಡಾಕ್ಟರಿಗೆ ಹೇಳುವುದು ನಿಮ್ಮ ಕೆಲಸ. ಗ್ಲಿಮೆಪಿರೈಡ್ ತರಹದ ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ಊಟ ಸಿಗದಿದ್ದರೆ ಶುಗರ್ ಕುಸಿದು ಬಿದ್ದುಬಿಡುತ್ತಾರೆ, ಜನ ಕುಡಿದಿದ್ದಾರೆ ಅಂದುಕೊಂಡು ದಾಟಿ ಹೋಗುತ್ತಾರೆ. ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಬರೆದರೂ ಅಷ್ಟೇ, ಶೌಚಾಲಯ ಎಲ್ಲಿದೆ? ಇಂಥ ಸಣ್ಣ ಸಂಗತಿ ಡಾಕ್ಟರಿಗೆ ಹೊಳೆಯದಿರಬಹುದು. ಹೇಳಿದರೆ ಬದಲಿಸಿ ಬರೆಯುತ್ತಾರೆ.

## ಹಂತ 6: ಈಗ ಮನಸ್ಸಿನ ಔಷಧ

ಇಷ್ಟು ಹೊತ್ತಿಗೆ ಅವರು ನಿಮ್ಮ ಜೊತೆ ಎರಡು ಮೂರು ಸಲ ಆಸ್ಪತ್ರೆಗೆ ಬಂದು ಹೋಗಿದ್ದಾರೆ, ಕಾಲು ಒಣಗುತ್ತಿದೆ. ಈಗ "ರಾತ್ರಿ ನಿದ್ದೆ ಬರುತ್ತಾ?" ಅಂತ ಕೇಳಬಹುದು. ನಿದ್ದೆಯ ಮಾತಿನಿಂದ ಶುರು ಮಾಡಿ, ಕಿವಿಯಲ್ಲಿ ಕೇಳುವ ದನಿಗಳ ಮಾತು ತಾನಾಗಿಯೇ ಬರುತ್ತದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎಲ್ಲ ಜಿಲ್ಲೆಯಲ್ಲೂ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಫೋನ್ ಮಾಡಿ ಖಚಿತ ಮಾಡಿಕೊಂಡೇ ಹೊರಡಿ. ಮಧ್ಯೆ ಸಲಹೆ ಬೇಕಾದರೆ ಟೆಲಿ ಮಾನಸ್ 14416, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಮಾತಾಡಬೇಕು ಅಂತಿಲ್ಲ, ನೀವೂ ಮಾಡಬಹುದು. ತೀರ ಕಷ್ಟದ ಕೇಸುಗಳಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ.

ಮನೋವೈದ್ಯರಿಗೆ ಬೀದಿಯ ಬದುಕನ್ನು ವಿವರಿಸಿ. ರಾತ್ರಿ ಗಾಢ ನಿದ್ದೆ ಬರಿಸುವ ಮಾತ್ರೆ ಮನೆಯಲ್ಲಿ ಒಳ್ಳೆಯದು. ಫುಟ್‌ಪಾತಿನಲ್ಲಿ ಮಲಗುವ ಹೆಂಗಸಿಗೆ ಅದೇ ಅಪಾಯ. ಲಿಥಿಯಂ ಬೇಸಿಗೆಯಲ್ಲಿ ನೀರಿಲ್ಲದೆ ಒಣಗುವ ದೇಹಕ್ಕೆ ವಿಷವಾಗಬಹುದು. ಕ್ಲೋಜಪಿನ್‌ಗೆ ಪದೇ ಪದೇ ರಕ್ತ ಪರೀಕ್ಷೆ ಬೇಕು. ಹೆರುವ ವಯಸ್ಸಿನವರಿಗೆ ವಾಲ್ಪ್ರೊಯೇಟ್ ಬರೆದಿದ್ದರೆ ಮತ್ತೊಮ್ಮೆ ಕೇಳಿ, ಹೊಟ್ಟೆಯಲ್ಲಿರುವ ಮಗುವಿಗೆ ಅದು ಕೆಟ್ಟದ್ದು. ಮಾತ್ರೆ ಒಗ್ಗಿದೆ, ಆದರೆ ದಿನಾ ನುಂಗುವುದು ಕಷ್ಟ ಅಂತಾದರೆ ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಅವರ ಒಪ್ಪಿಗೆಯ ಮೇಲೆ.

ಟೀಯಲ್ಲಿ ಮಾತ್ರೆ ಕಲಸಿ ಕೊಡುವುದು. ದಯವಿಟ್ಟು ಬೇಡ. "ಬಣ್ಣ ಇಲ್ಲದ ಡ್ರಾಪ್ಸ್ ಇದೆಯಂತಲ್ಲ ಸಾರ್" ಅಂತ ಎಲ್ಲರೂ ಕೇಳುತ್ತಾರೆ. ಯಾರೋ ತನಗೆ ವಿಷ ಹಾಕುತ್ತಿದ್ದಾರೆ ಅಂತ ನಂಬಿ ಮನೆ ಬಿಟ್ಟು ಬಂದವರಿಗೆ ನೀವು ಕದ್ದು ಔಷಧ ಹಾಕಿದ್ದು ತಿಳಿದರೆ ಅವರ ನಂಬಿಕೆ ಸರಿ ಅಂತ ನೀವೇ ತೋರಿಸಿಕೊಟ್ಟ ಹಾಗೆ. ಆಮೇಲೆ ಟೀಯೂ ಇಲ್ಲ, ಊಟವೂ ಇಲ್ಲ.

ಮೊದಲ ವಾರ ದಿನಾ ಹೋಗಿ ನೋಡಿ. ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುವುದು, ನಾಲಿಗೆ ಹೊರಚಾಚುವುದು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುವುದು ಕಂಡರೆ ಅದು ಔಷಧದ ಅಡ್ಡ ಪರಿಣಾಮ. ನೋಡಲು ಭಯಂಕರ, ಆದರೆ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇಳಿಯುತ್ತದೆ. ಕೂತಲ್ಲಿ ಕೂರಲಾಗದೆ ಶತಪಥ ತಿರುಗುತ್ತಿದ್ದರೆ ಕಾಯಿಲೆ ಜಾಸ್ತಿಯಾಯಿತು ಅಂತ ಮಾತ್ರೆ ಏರಿಸುವುದುಂಟು, ಅದೂ ಔಷಧದಿಂದಲೇ ಆಗಿರಬಹುದು. ಜೋರು ಜ್ವರ, ಮೈ ಮರದ ಕೊರಡಿನಂತೆ ಸೆಟೆದು, ಗೊಂದಲ, ಈ ಮೂರೂ ಸೇರಿದರೆ ಮಾತ್ರೆ ನಿಲ್ಲಿಸಿ 108. ನಿದ್ದೆ ಬೇಗ ಸರಿಹೋಗಬಹುದು. ದನಿಗಳು ತಗ್ಗಲು ವಾರಗಳೇ ಬೇಕು, ಹತ್ತನೇ ದಿನಕ್ಕೆ ಕೈಚೆಲ್ಲಬೇಡಿ.

## ಹಂತ 7: ಟೀ ಅಂಗಡಿಯೇ ನಿಮ್ಮ ವಾರ್ಡು

ತಿಂಗಳ ಮಾತ್ರೆಯನ್ನು ಒಟ್ಟಿಗೆ ಅವರ ಕೈಗೆ ಕೊಟ್ಟರೆ ಮಳೆಗೆ ನೆನೆಯುತ್ತದೆ, ಕಳೆದುಹೋಗುತ್ತದೆ, ಅಥವಾ ಯಾರೋ ಕಸಿದುಕೊಳ್ಳುತ್ತಾರೆ. ಮೈ ಸೆಟೆಯದಿರಲಿ ಅಂತ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯನ್ನು ನಶೆಗೆ ಬಳಸುವವರಿದ್ದಾರೆ, ಅದಕ್ಕೆ ಬೀದಿಯಲ್ಲಿ ಗಿರಾಕಿ ಇದೆ.

ಅವರು ದಿನಾ ತಪ್ಪದೆ ಹೋಗುವ ಒಂದು ಜಾಗ ಇರುತ್ತದೆ. ಟೀ ಅಂಗಡಿ, ದೇವಸ್ಥಾನದ ದಾಸೋಹ, ದರ್ಗಾ, ಹೂವಿನ ಅಜ್ಜಿ. ಅವರ ಹತ್ತಿರ ಒಂದು ವಾರದ ಮಾತ್ರೆ, ದಿನಕ್ಕೊಂದು ಪೊಟ್ಟಣದಂತೆ ಕಟ್ಟಿ ಕೊಡಿ. ಬೆಳಿಗ್ಗೆಯ ಟೀ-ಬನ್ ಜೊತೆ, ಎಲ್ಲರೆದುರಿಗೆ ಅಲ್ಲ, ಆದರೆ ಮುಚ್ಚುಮರೆಯಿಲ್ಲದೆ: "ಯಜಮಾನ್ರೇ, ನಿಮ್ಮ ಮಾತ್ರೆ." ಈ ಏರ್ಪಾಡು ರೋಗಿಗೆ ಗೊತ್ತಿರಬೇಕು, ಒಪ್ಪಿರಬೇಕು. ಕ್ಯಾಲೆಂಡರಿನಲ್ಲಿ ಅಂಗಡಿಯವರು ಒಂದು ಗೀಟು ಹಾಕಿದರೆ ಸಾಕು. ಟೀ ದುಡ್ಡು ತಿಂಗಳಿಗೊಮ್ಮೆ ನೀವು ಲೆಕ್ಕ ಮಾಡಿ ಕೊಡಿ, ಉಪಕಾರ ಅಂತ ಬಿಡಬೇಡಿ. ಟಿಬಿ ಮಾತ್ರೆಗೂ ಇದೇ ಜಾಗ.

ಹದಗೆಡುತ್ತಿರುವುದನ್ನು ನಿಮಗಿಂತ ಮೊದಲು ಕಾಣುವವರೂ ಅಂಗಡಿಯವರೇ. ಎರಡು ದಿನ ಟೀಗೆ ಬಂದಿಲ್ಲ, ಮಲಗುವ ಜಾಗ ಬದಲಾಗಿದೆ, ಮತ್ತೆ ಅಂಗಿಯ ಮೇಲೆ ಅಂಗಿ ಹಾಕಲು ಶುರು ಮಾಡಿದ್ದಾರೆ, ಪಟ್ಟಿ ಕಿತ್ತೆಸೆದಿದ್ದಾರೆ. ಇದರಲ್ಲಿ ಒಂದು ಕಂಡರೂ ನಿಮಗೆ ಫೋನ್ ಬರಬೇಕು ಅಂತ ಮೊದಲೇ ಹೇಳಿಡಿ. ಎರಡು ದಿನ ತಪ್ಪಿದರೆ ಹುಡುಕಬಹುದು, ಇಪ್ಪತ್ತು ದಿನ ತಪ್ಪಿದರೆ ಬೇರೆ ಊರು ಸೇರಿರುತ್ತಾರೆ.

## ಹಂತ 8: ಪೊಲೀಸ್, ಆಶ್ರಯ, ಮನೆ

ತಮ್ಮನ್ನು ತಾವೇ ನೋಡಿಕೊಳ್ಳಲಾಗದ ಸ್ಥಿತಿಯಲ್ಲಿ ಅಲೆಯುತ್ತಿರುವವರ ಬಗ್ಗೆ ಠಾಣೆಗೆ ಹೋಗುವುದಾದರೆ ಅದೇ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಸೆಕ್ಷನ್ 100 ನೆನಪಿಟ್ಟುಕೊಳ್ಳಿ. ಅಂಥವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ, ಯಾವ ಕಾರಣಕ್ಕೂ. ಮನೆಯಿಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದೇ. ಮಾತಿನಲ್ಲಿ ಹೇಳಿ ಬರಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಇಲ್ಲದಿದ್ದರೆ ರಾತ್ರಿ ಗಾಡಿ ಹತ್ತಿಸಿ ಪಕ್ಕದ ತಾಲ್ಲೂಕಿನ ಗಡಿಯಲ್ಲಿ ಇಳಿಸಿ ಬರುವ ಹಳೇ ಪದ್ಧತಿ ಇನ್ನೂ ಸತ್ತಿಲ್ಲ.

ಆಶ್ರಯಕ್ಕೆ ಕಳಿಸುವ ಮುಂಚೆ ನೀವೇ ಹೋಗಿ ಒಂದು ಹೊತ್ತು ಕೂತು ಬನ್ನಿ. ಮಾತ್ರೆ ಯಾರು ಕೊಡುತ್ತಾರೆ, ಕಾಯಿಲೆ ಬಿದ್ದರೆ ಯಾವ ಆಸ್ಪತ್ರೆ, ಬಾಗಿಲಿಗೆ ಹೊರಗಿನಿಂದ ಬೀಗವಾ, ಕಾಲಿಗೆ ಸರಪಳಿಯಾ. ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಸೆಕ್ಷನ್ 95 ನಿಷೇಧಿಸಿದೆ, ಅದು ಎಷ್ಟೇ ದೊಡ್ಡ ಪುಣ್ಯಾತ್ಮರು ನಡೆಸುವ ಆಶ್ರಮವಾದರೂ ಸರಿ. ದಿನಾ ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಸೇರಿಸುವಾಗಲೇ ಹೇಳಿ. ಕುಡಿತ ಹಠಾತ್ತನೆ ನಿಂತ ಮೊದಲ ಮೂರು ದಿನದಲ್ಲಿ ನಡುಕ, ಫಿಟ್ಸ್ ಬಂದು ಜೀವ ಹೋಗಬಹುದು.

ಮನೆ ಹುಡುಕಲು ಕೂಡಲೇ ವಿಳಾಸ ಕೇಳಬೇಡಿ. ನಿಮ್ಮೂರಲ್ಲಿ ಸಂತೆ ಯಾವ ವಾರ, ಜಾತ್ರೆ ಯಾವ ದೇವರದ್ದು, ಬಸ್ಸು ಎಲ್ಲಿಗೆ ಹೋಗುತ್ತಿತ್ತು, ಹೊಳೆ ಇತ್ತಾ, ಜೋಳದ ರೊಟ್ಟಿಯಾ ಮುದ್ದೆಯಾ? ವಿಳಾಸ ಮರೆತವರೂ ಜಾತ್ರೆ ಮರೆತಿರುವುದಿಲ್ಲ. ಹೊಸ ಆಧಾರ್ ಮಾಡಿಸಲು ಹೋದಾಗ ಬೆರಳಚ್ಚು ಈಗಾಗಲೇ ಇದೆ ಅಂತ ಅರ್ಜಿ ತಿರಸ್ಕಾರವಾದರೆ ಬೇಸರ ಮಾಡಿಕೊಳ್ಳಬೇಡಿ, ಹಳೆಯ ಆಧಾರ್ ಎಲ್ಲೋ ಇದೆ ಅಂತ ಅರ್ಥ. ಆ ಜಾಡು ಹಿಡಿದು ಮನೆ ಸಿಕ್ಕವರಿದ್ದಾರೆ.

ಮನೆ ಸಿಕ್ಕಿತು ಅಂತ ಮಾರನೇ ದಿನವೇ ಬಸ್ಸು ಹತ್ತಿಸಬೇಡಿ. ಮನೆಯವರಿಗೆ ಬೇಕಾ, ಇವರಿಗೆ ಹೋಗಲು ಇಷ್ಟವಾ, ಎರಡೂ ಕೇಳಿ. ಹೊಡೆತ ತಿಂದು ಓಡಿಬಂದವರೂ ಇರುತ್ತಾರೆ. ಹೊರಡುವಾಗ ಒಂದು ತಿಂಗಳ ಮಾತ್ರೆ, ಚೀಟಿಗಳ ಜೆರಾಕ್ಸ್, ಮತ್ತು ಅವರ ಊರಿನ ಭಾಷೆಯಲ್ಲಿ ಒಂದು ಪತ್ರ: ಯಾವ ಕಾಯಿಲೆ, ಯಾವ ಮಾತ್ರೆ, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಹೋಗಬೇಕು, ಅದೇ ಮಾತ್ರೆ ಅವರ ತಾಲ್ಲೂಕಿನಲ್ಲಿ ಎಲ್ಲಿ ಸಿಗುತ್ತದೆ. ಕೊನೆಯದನ್ನು ನೀವೇ ಅಲ್ಲಿಗೆ ಫೋನ್ ಮಾಡಿ ಕೇಳಿ ಬರೆಯಿರಿ. ಆಮೇಲೆ ನೋಟ್‌ಬುಕ್ಕಿನ ಅದೇ ಪುಟದಲ್ಲಿ ಎರಡು ದಿನಾಂಕ ಗುರುತು ಹಾಕಿಕೊಳ್ಳಿ. ಮೊದಲನೆಯದು ಅವರು ಮನೆ ಸೇರಿದ ಏಳನೇ ದಿನ. ಎರಡನೆಯದು ಮಾತ್ರೆ ಮುಗಿಯಲು ಇನ್ನೂ ನಾಲ್ಕು ದಿನ ಇರುವಾಗ. ಎರಡು ದಿನವೂ ಫೋನ್ ಮಾಡಿ. ಮನೆಯವರ ಜೊತೆ ಮಾತಾಡಿದ ಮೇಲೆ, "ಸ್ವಲ್ಪ ಅವರಿಗೆ ಕೊಡಿ" ಅನ್ನಿ.